ಒಂದು ಸಂಪರ್ಕ, ಐದು ಕಂಪ್ಯೂಟರು: ಪ್ರಾಕ್ಸಿ ಎಂಬ ನೀರಗಂಟಿ

ಕೆರೆ ಒಂದೇ, ಗದ್ದೆಗಳು ಹಲವು. ತೂಬನ್ನು ಮನಬಂದಂತೆ ಎತ್ತಿದರೆ ಮೇಲಿನವರ ಗದ್ದೆ ತುಂಬುತ್ತದೆ, ಕೊನೆಯವರದು ಒಣಗುತ್ತದೆ. ಅದಕ್ಕೆಂದೇ ನಮ್ಮ ಹಿರಿಯರು ನೀರಗಂಟಿಯನ್ನು ನೇಮಿಸಿದರು. ಸಂಘದ ಕಚೇರಿಗೆ ಬರುವ ಇಂಟರ್‌ನೆಟ್ಟಿಗೂ ಅಂಥ ಒಬ್ಬ ನೀರಗಂಟಿ ಬೇಕು.

2000ದಲ್ಲಿ 'ಭೂಮಿ' ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂದಿತು. 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಆರಂಭವಾಯಿತು. 2022ರಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಚಾಮರಾಜನಗರ, ಗುಂಡ್ಲುಪೇಟೆಯ ಸಣ್ಣ ಬೆಳೆಗಾರರ ಸಾಲ, ದಾಖಲೆ, ಮಾರಾಟ ಎಲ್ಲವೂ ಈಗ ಈ ತಂತಿಯನ್ನೇ ನಂಬಿವೆ. ಪಕ್ಕದ ಮೇಜಿನಲ್ಲಿ ಸಿನಿಮಾ ಓಡುತ್ತಿದ್ದರೆ, ಬಿಳಿಗಿರಿರಂಗನ ಬೆಟ್ಟದಿಂದ ಬಸ್ಸು ಹತ್ತಿ ಬಂದ ಸದಸ್ಯರು ಒಂದು ಕಾಗದಕ್ಕಾಗಿ ಮಧ್ಯಾಹ್ನದವರೆಗೆ ಕಾಯಬೇಕಾಗುತ್ತದೆ. ಎರಡನೆಯ ಸಂಪರ್ಕ ಪಡೆದರೆ ತಿಂಗಳ ಬಾಡಿಗೆಯೂ ಎರಡಾಗುತ್ತದೆ. ಅದು ಸದಸ್ಯರ ಹಣ.

ರೌಟರ್ ಮತ್ತು ಪ್ರಾಕ್ಸಿ

ರೌಟರ್ ಒಂದೇ ಸಂಪರ್ಕವನ್ನು ಎಲ್ಲ ಕಂಪ್ಯೂಟರುಗಳಿಗೂ ಹಂಚುತ್ತದೆ. ಎರಡು ಮೂರು ಯಂತ್ರಗಳಿದ್ದರೆ ಅಷ್ಟೇ ಸಾಕು. ಆದರೆ ಸಾಧಾರಣ ರೌಟರ್ ಯಾರು ಎಷ್ಟು ಬಳಸಿದರೆಂಬ ಲೆಕ್ಕ ಇಡುವುದಿಲ್ಲ.

ಪ್ರಾಕ್ಸಿ ಎಂದರೆ ಬದಲಿಗೆ ನಿಲ್ಲುವವನು. ಕಚೇರಿಯ ಒಂದು ಕಂಪ್ಯೂಟರು ಈ ಕೆಲಸ ವಹಿಸಿಕೊಳ್ಳುತ್ತದೆ. ಉಳಿದವು ತಮಗೆ ಬೇಕಾದುದನ್ನು ಅದಕ್ಕೆ ಹೇಳುತ್ತವೆ. ಅದು ಹೊರಗಿನಿಂದ ತಂದುಕೊಟ್ಟು, ಲೆಕ್ಕ ಬರೆದಿಡುತ್ತದೆ.

ಅಳವಡಿಸುವ ಕ್ರಮ

1. ಹಳೆಯದಾದರೂ ಸುಸ್ಥಿತಿಯಲ್ಲಿರುವ ಕಂಪ್ಯೂಟರಿಗೆ ಲಿನಕ್ಸ್ ಮತ್ತು 'ಸ್ಕ್ವಿಡ್' ತಂತ್ರಾಂಶ ಹಾಕಿಸಬೇಕು. ಎರಡೂ ಉಚಿತ.

2. ಅದಕ್ಕೆ ಬದಲಾಗದ ವಿಳಾಸ ಕೊಡಬೇಕು, ಉದಾಹರಣೆಗೆ 192.168.1.2. ಸ್ಕ್ವಿಡ್‌ನ ವಾಡಿಕೆಯ ಪೋರ್ಟ್ 3128. ಉಳಿದ ಯಂತ್ರಗಳ ಪ್ರಾಕ್ಸಿ ಸೆಟ್ಟಿಂಗಿನಲ್ಲಿ ಇವೆರಡನ್ನೂ ತುಂಬಬೇಕು.

3. ಪ್ರಾಕ್ಸಿಯನ್ನು ಬಿಟ್ಟು ಬೇರೆ ಯಂತ್ರಗಳು ನೇರವಾಗಿ ಹೊರಹೋಗದಂತೆ ರೌಟರಿನಲ್ಲಿ ತಡೆಯಬೇಕು. ಇಲ್ಲವಾದರೆ ಬದು ಒಡೆದು ನೀರು ಹಾಯಿಸಿಕೊಂಡಂತೆಯೇ ಸರಿ.

4. ಕಚೇರಿ ವೇಳೆಯಲ್ಲಿ ವಿಡಿಯೋ ತಾಣಗಳನ್ನು ಮುಚ್ಚುವುದು, ಒಂದೊಂದು ಯಂತ್ರಕ್ಕೂ ವೇಗದ ಮಿತಿ ಹಾಕುವುದು ಮುಂತಾದ ನಿಯಮಗಳನ್ನು ಆಡಳಿತ ಮಂಡಳಿಯೇ ತೀರ್ಮಾನಿಸಿ, ಗೋಡೆಗೆ ಅಂಟಿಸಬೇಕು.

ಒಂದು ಲೆಕ್ಕ

ಸಂಪರ್ಕದ ವೇಗ 8 ಮೆಗಾಬಿಟ್ ಎಂದರೆ ಸೆಕೆಂಡಿಗೆ 1 ಮೆಗಾಬೈಟ್. 600 ಮೆಗಾಬೈಟಿನ ವಿಂಡೋಸ್ ಅಪ್‌ಡೇಟ್ ಇಳಿಯಲು 10 ನಿಮಿಷ ಬೇಕು. ಐದೂ ಯಂತ್ರಗಳು ಬೇರೆ ಬೇರೆಯಾಗಿ ಇಳಿಸಿಕೊಂಡರೆ 50 ನಿಮಿಷ! ಹಿಂದೆ ಪ್ರಾಕ್ಸಿ ಒಮ್ಮೆ ತಂದ ಪುಟವನ್ನು ಕೂಡಿಟ್ಟು ಎಲ್ಲರಿಗೂ ಹಂಚುತ್ತಿತ್ತು. ಈಗ ಬಹುಪಾಲು ತಾಣಗಳು ಗೂಢಲಿಪಿಯಲ್ಲಿ ಬರುವುದರಿಂದ ಆ ಉಳಿತಾಯ ಹೆಚ್ಚಿಲ್ಲ. ಬದಲಿಗೆ ವಿಂಡೋಸ್‌ನಲ್ಲೇ ಇರುವ 'ಡೆಲಿವರಿ ಆಪ್ಟಿಮೈಸೇಷನ್' ಸೌಲಭ್ಯವನ್ನು ಸ್ಥಳೀಯ ಜಾಲಕ್ಕೆ ಮಾತ್ರ ತೆರೆದಿಡಬೇಕು. ಆಗ ಒಂದು ಯಂತ್ರ ಇಳಿಸಿಕೊಂಡದ್ದನ್ನು ಪಕ್ಕದ ಯಂತ್ರಗಳು ಅದರಿಂದಲೇ ಪಡೆಯಬಲ್ಲವು.

ಎಚ್ಚರಿಕೆ

ಪ್ರಾಕ್ಸಿಯ ಬಾಗಿಲು ಕಚೇರಿಯ ಯಂತ್ರಗಳಿಗೆ ಮಾತ್ರ ತೆರೆದಿರಬೇಕು. ಹೊರಗಿನವರಿಗೂ ತೆರೆದಿದ್ದರೆ ಅವರ ದುಷ್ಕೃತ್ಯಕ್ಕೆ ಸಂಘದ ವಿಳಾಸ ಸಿಕ್ಕಿಬೀಳುತ್ತದೆ. ಪ್ರಾಕ್ಸಿ ಇದೆಯೆಂದು ವೈರಸ್ ರಕ್ಷಣೆಯನ್ನು ಕೈಬಿಡಬಾರದು. ಯಾರು ಯಾವ ತಾಣಕ್ಕೆ ಹೋದರೆಂಬುದು ದಾಖಲಾಗುವುದರಿಂದ ಸಿಬ್ಬಂದಿಗೆ ಮೊದಲೇ ತಿಳಿಸುವುದು ನ್ಯಾಯ. ಪ್ರಾಕ್ಸಿ ಯಂತ್ರ ಕೆಟ್ಟರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಆದ್ದರಿಂದ ಅದಕ್ಕೆ ಯುಪಿಎಸ್ ಇರಲಿ. ತಾತ್ಕಾಲಿಕವಾಗಿ ನೇರ ಸಂಪರ್ಕಕ್ಕೆ ಮರಳುವ ಕ್ರಮವನ್ನು ಬರೆದು ಕಾರ್ಯದರ್ಶಿಯವರ ಬಳಿ ಇಟ್ಟಿರಬೇಕು.

ಹೊಸ ಸಂಪರ್ಕಕ್ಕೆ ಅರ್ಜಿ ಹಾಕುವ ಮುನ್ನ ಒಂದು ತಿಂಗಳ ಲೆಕ್ಕವನ್ನು ಪ್ರಾಕ್ಸಿಯಿಂದ ತೆಗೆದು ನೋಡೋಣ. ಕೊರತೆ ನೀರಿನದೋ, ಹಂಚಿಕೆಯದೋ ಎಂಬುದು ಆಗ ತಿಳಿಯುತ್ತದೆ.