ಜಾಲಿ ಕಂಟಿ ಮತ್ತು ಟ್ರ್ಯಾಕ್ಟರ್ ಗಾಲಿ

ನಿಂಬರ್ಗಾ ಕಡೆ ಕರಿ ಮಣ್ಣಿನ ಹೊಲ ಬಹಳ. ತೊಗರಿ, ಜೋಳ, ಕಡಲೆ ನಮ್ಮ ಬೆಳೆ. ಎರಡು ವರ್ಷ ಹೊಲ ಬೀಳು ಬಿಟ್ಟರೆ ಸಾಕು. ಬಿತ್ತದೆಯೇ ಇನ್ನೊಂದು ಬೆಳೆ ಬರುತ್ತದೆ. ಅದೇ ಬಳ್ಳಾರಿ ಜಾಲಿ.

ಹೆಸರು ಬಳ್ಳಾರಿ. ಆದರೆ ಇದರ ತವರು ದೂರದ ಅಮೆರಿಕ ಖಂಡ. ಬ್ರಿಟಿಷರ ಕಾಲದಲ್ಲಿ, 19ನೇ ಶತಮಾನದಲ್ಲಿ, ಇದರ ಬೀಜ ನಮ್ಮ ದೇಶಕ್ಕೆ ಬಂತು. ಆಡು, ಕುರಿ ಇದರ ಕಾಯಿ ತಿಂದವು. ಹಿಕ್ಕೆಯ ಜೊತೆ ಬೀಜ ಊರೂರಿಗೆ ಹೋಯಿತು. ಒಲೆಗೆ ಇದು ಒಳ್ಳೆಯ ಕಟ್ಟಿಗೆ. ಅದು ಸುಳ್ಳಲ್ಲ. ಹೊಲಕ್ಕೆ ಮಾತ್ರ ವೈರಿ.

ನಮ್ಮ ಕಲಿಕೆ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮಾತು ಕೇಳಿರಿ. ಅವಳ ಗಂಡ ದುಡಿಯಲು ಪುಣೆಗೆ ಹೋಗಿದ್ದ. ಎರಡು ಎಕರೆ ಹೊಲ ಬೀಳು ಬಿದ್ದಿತ್ತು. ಈ ಸಲ ತೊಗರಿ ಹಾಕಬೇಕು ಎಂದು ಅವಳು ಟ್ರ್ಯಾಕ್ಟರ್ ಬಾಡಿಗೆಗೆ ಕರೆದಳು. ತಾಸಿಗೆ ಇಷ್ಟು ಎಂದು ಬಾಯಿಮಾತು ಆಯಿತು. ಚೀಟಿ ಬರೆಯಲಿಲ್ಲ.

ಬೆಳಿಗ್ಗೆ ಒಂದು ಮುಳ್ಳು ಚುಚ್ಚಿತು. ಮುಂದಿನ ಗಾಲಿ ಪಂಚರ್ ಆಯಿತು. ತೇಪೆ ಹಾಕಿಸಿ ತಂದರು. ಒಂದು ತಾಸಿನಲ್ಲಿ ಅದೇ ಗಾಲಿ ಮತ್ತೆ ಕೂತಿತು. ಯಾಕೆ ಗೊತ್ತೇನ್ರಿ? ಜಾಲಿ ಮುಳ್ಳು ಚುಚ್ಚಿ ಒಳಗೇ ಮುರಿಯುತ್ತದೆ. ಟ್ಯೂಬಿಗೆ ತೇಪೆ ಬಿತ್ತು. ಟೈರಿನಲ್ಲಿ ಉಳಿದ ಮುಳ್ಳಿನ ತುದಿ ಮತ್ತೆ ಟ್ಯೂಬನ್ನು ಚುಚ್ಚಿತು. ಅದಕ್ಕೇ ಟ್ಯೂಬ್ ಹಾಕುವ ಮೊದಲು ಟೈರಿನ ಒಳಗೆ ಹಳೆ ಬಟ್ಟೆ ಆಡಿಸಬೇಕು. ಮುಳ್ಳು ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬರಿಗೈ ಹಾಕಬಾರದು.

ಮಧ್ಯಾಹ್ನ ದೊಡ್ಡ ಸದ್ದಾಯಿತು. ಹಿಂದಿನ ದೊಡ್ಡ ಟೈರಿನ ಬದಿ ಹರಿದಿತ್ತು.

"ಅಕ್ಕಾ, ನಿನ್ನ ಹೊಲದ ಕೊರಡು ಹೊಡದದ. ಟೈರಿನ ರೊಕ್ಕ ನೀನೇ ಕೊಡಬೇಕು" ಎಂದ ಮಾಲಕ.

ಅಕ್ಕ ಹುಲ್ಲು ಸರಿಸಿ ನೋಡಿದಳು. ಗೇಣುದ್ದ ಜಾಲಿ ಕೊರಡು. ಅದರ ತುದಿ ಭರ್ಚಿಯ ಹಾಗೆ ಚೂಪು. ಹೋದ ಬೇಸಿಗೆಯಲ್ಲಿ ಉರುವಲಿಗೆ ಅವಳೇ ಕಡಿದದ್ದು!

"ಟೀಚರ್, ನನ್ನ ಕೊಡ್ಲಿ ಏಟೇ ನನಗ ತಿರುಗಿತು ನೋಡ್ರಿ" ಎಂದು ನನ್ನ ಮುಂದೆ ಹೇಳಿದಳು. ನಾವೆಲ್ಲರೂ ಹಾಗೇ ಕಡಿಯುತ್ತೇವೆ. ಬಗ್ಗಲು ಬೇಸರ. ಓರೆಯಾಗಿ ಹೊಡೆದು ಬುಡ ಬಿಡುತ್ತೇವೆ. ಒಣಗಿದರೆ ಆ ಬುಡ ಕಬ್ಬಿಣ. ಒಣಗದಿದ್ದರೆ ಮತ್ತೆ ಚಿಗುರುತ್ತದೆ. ಕಂಟಿ ಮೊದಲಿಗಿಂತ ದಟ್ಟ ಆಗುತ್ತದೆ. ಬುಡದ ಸುತ್ತ ಅಗೆದು, ಮಣ್ಣಿನೊಳಗಿನ ಗಂಟಿನ ಸಮೇತ ತೆಗೆದರೆ ಮಾತ್ರ ಅದು ಸಾಯುವುದು. ಮಳೆ ಬಿದ್ದು ನೆಲ ಮೆತ್ತಗಾದಾಗ ಈ ಕೆಲಸ ಹಗುರ. ಅಗೆಯಲು ಆಗದ ಬುಡಕ್ಕೆ ಒಂದು ಉದ್ದ ಕೋಲು ನೆಟ್ಟು ಬಟ್ಟೆ ಕಟ್ಟಿರಿ. ಡ್ರೈವರನಿಗೆ ದೂರದಿಂದ ಕಾಣುತ್ತದೆ.

ಟೈರಿನ ನೆಲ ಮುಟ್ಟುವ ಭಾಗ ದಪ್ಪ. ಬದಿ ತೆಳು. ಗಾಲಿ ಉರುಳಿದಂತೆಲ್ಲ ಬದಿ ಬಾಗುತ್ತದೆ, ಏಳುತ್ತದೆ. ಒಳಗಿನ ದಾರ ಹರಿದರೆ ಅಲ್ಲಿ ಹಾಕಿದ ತೇಪೆ ಬಹಳ ದಿನ ತಾಳುವುದಿಲ್ಲ. ಹರಿದ ಬದಿಯ ಟೈರ್ ಮೇಲೆ ಭಾರ ಹೇರುವುದು ಅಪಾಯ.

ಗಾಳಿ ಹೋದ ಕೂಡಲೇ ಟ್ರ್ಯಾಕ್ಟರ್ ನಿಲ್ಲಿಸಬೇಕು. "ಇನ್ನೊಂದು ಸಾಲು ಹೊಡೆದು ಬಿಡು" ಎಂದು ನಾವು ಅವಸರ ಮಾಡಬಾರದು. ಹಾಗೆ ಓಡಿಸಿದರೆ ಟ್ಯೂಬ್ ಚೂರು ಚೂರಾಗುತ್ತದೆ. ಕರಿ ಮಣ್ಣಿನಲ್ಲಿ ಜಾಕ್ ಹೂತು ಹೋಗುತ್ತದೆ. ಕೆಳಗೆ ದಪ್ಪ ಹಲಗೆ ಇಡಬೇಕು. ಉಳಿದ ಗಾಲಿಗಳಿಗೆ ಕಲ್ಲು ಕೊಡಬೇಕು. ಕೆಲವರು ಹಿಂದಿನ ಟೈರಿನಲ್ಲಿ ನೀರು ತುಂಬಿಸಿರುತ್ತಾರೆ. ಆ ಗಾಲಿ ಬಹಳ ಭಾರ. ಮಕ್ಕಳು ಹತ್ತಿರ ಬರಬಾರದು. ನಿಮ್ಮ ಕಾಲಿಗೆ ಮುಳ್ಳು ಆಳ ನೆಟ್ಟರೆ ತೆಗೆದು, ಸೋಪು ನೀರಿನಲ್ಲಿ ತೊಳೆದು, ದವಾಖಾನೆಗೆ ಹೋಗಿರಿ. ಧನುರ್ವಾಯು ಸೂಜಿ ಬೇಕೋ ಕೇಳಿರಿ.

ಈಗ ರೊಕ್ಕದ ಮಾತು. ಅಕ್ಕ ಅಳುತ್ತ ಕೂಡಲಿಲ್ಲ. ಟೈರಿನ ಹತ್ತಿರ ಕೂತು ಮಣ್ಣು ಒರೆಸಿದಳು. ಅಂಕಿ ಕಂಡವು. ಓದಿದಳು: 13.6-28. ಮೊದಲ ಅಂಕಿ ಟೈರಿನ ಅಗಲ, ಇಂಚಿನಲ್ಲಿ. ಸುಮಾರು ಒಂದೂವರೆ ಗೇಣು. 28 ಅಂದರೆ ಟೈರ್ ಕೂಡುವ ಕಬ್ಬಿಣದ ರಿಮ್ಮಿನ ಅಳತೆ. ಹೊಸ ಟೈರ್ ಕೊಳ್ಳಲು ಈ ಅಂಕಿಯೇ ಬೇಕು. ಎಷ್ಟೋ ಟೈರುಗಳ ಮೇಲೆ ಇನ್ನೂ ನಾಲ್ಕು ಸಣ್ಣ ಅಂಕಿ ಇರುತ್ತವೆ. ಈ ಟೈರಿನ ಮೇಲೆ 1412 ಇತ್ತು. 2012ನೇ ವರ್ಷದ 14ನೇ ವಾರ ತಯಾರಾದ ಟೈರ್ ಎಂದು ಅದರ ಅರ್ಥ. ಅದನ್ನು ಅವಳಿಗೆ ಪಂಚರ್ ಅಂಗಡಿಯವನು ಹೇಳಿದ. ಹಲ್ಲು ಸವೆದಿದ್ದವು. ಬದಿಯಲ್ಲಿ ಬಿರುಕು ಇದ್ದವು.

"ಕೊರಡು ನನ್ನದು, ಖರೆ. ಟೈರ್ ಮುದುಕ ಆಗಿದ್ದು ನನ್ನಿಂದ ಅಲ್ಲ. ಹೊಸಾ ಟೈರಿನ ರೊಕ್ಕ ನಾ ಯಾಕ ಕೊಡ್ಲಿ?" ಎಂದಳು.

ಮಾಲಕ ಸಿಟ್ಟಾದ. ಸಂಜೆ ನಾಲ್ಕು ಜನ ಹಿರಿಯರು ಕೂತರು. ಹಳೆ ಟೈರ್ ಒಂದನ್ನು ಹುಡುಕಿ ತರುವುದು, ಅರ್ಧ ಖರ್ಚು ಅವಳದು, ಅರ್ಧ ಅವನದು ಎಂದಾಯಿತು. ನನ್ನ ಕೇಳಿದರೆ, ಅರ್ಧವೂ ಅವಳಿಗೆ ಹೆಚ್ಚೇ. ಆದರೆ ಚೀಟಿ ಇರಲಿಲ್ಲ. ಏನು ಹೇಳುವುದು? ಆ ವರ್ಷ ತೊಗರಿ ಬಿತ್ತಿದಳು, ಒಂದು ವಾರ ತಡವಾಗಿ.

ಈಗ ಅವಳ ಹತ್ತಿರ ಒಂದು ಚೀಟಿ ಇದೆ. ಟ್ರ್ಯಾಕ್ಟರ್ ಹೊಲಕ್ಕೆ ಇಳಿಯುವ ಮೊದಲು ತಾನೇ ಬರೆಯುತ್ತಾಳೆ. ನೀವೂ ಓದಿರಿ. ನಿಮ್ಮ ಪಟ್ಟಿಯಲ್ಲಿ ಬರೆದು, ಖಾಲಿ ಜಾಗ ತುಂಬಿರಿ.

ತಾರೀಖು: ............
ಕೆಲಸ ಶುರು: ...... ಗಂಟೆ. ಮುಗಿದದ್ದು: ...... ಗಂಟೆ.
ಬಾಡಿಗೆ: ತಾಸಿಗೆ ...... ರೂಪಾಯಿ.
ಗಾಲಿ ಕೆಟ್ಟು ನಿಂತ ತಾಸು ಲೆಕ್ಕಕ್ಕೆ ಇಲ್ಲ.
ಹೊಲದಲ್ಲಿ ಕೊರಡು ಇರುವ ಜಾಗ ತೋರಿಸಿದ್ದೇನೆ.
ಪಂಚರ್ ಖರ್ಚು: ............ ಅವರದು.
ಟೈರ್ ಹರಿದರೆ: ............ ಅವರದು.
ಹೊಲದವರ ಸಹಿ: ............
ಟ್ರ್ಯಾಕ್ಟರ್ ಮಾಲಕರ ಸಹಿ: ............