ಮಗುವಿನ ಪಾದ ಒಳಕ್ಕೆ ತಿರುಗಿದೆಯೇ?

ಹಸುಗೂಸಿಗೆ ಎಣ್ಣೆ ಹಚ್ಚಿ ನೀರೆರೆಯುವಾಗ ಅದರ ಪಾದಗಳನ್ನೂ ಗಮನಿಸಿ. ಹಿಮ್ಮಡಿ ಮೇಲಕ್ಕೆ ಸೆಳೆದುಕೊಂಡು, ಅಂಗಾಲು ಇನ್ನೊಂದು ಕಾಲಿನತ್ತ ತಿರುಗಿದೆಯೇ? ಮೆಲ್ಲನೆ ಒತ್ತಿದಾಗ ಪಾದ ನೇರವಾದರೆ ಅದು ಗರ್ಭದಲ್ಲಿದ್ದ ಭಂಗಿಯ ಪರಿಣಾಮವಿರಬಹುದು. ಬಿಗಿಯಾಗಿದ್ದು ನೇರವಾಗದಿದ್ದರೆ ‘ಕ್ಲಬ್ ಫುಟ್’, ಅಂದರೆ ಸೊಟ್ಟಪಾದ ಇರಬಹುದು. ಯಾವುದೆಂದು ವೈದ್ಯರೇ ಹೇಳಬೇಕು.

ಸುಮಾರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಈ ತೊಂದರೆ ಇರುತ್ತದೆ. ಗ್ರಹಣದ ದಿನ ಹೊರಗೆ ಬಂದಳೆಂದು ತಾಯಿಯನ್ನು ದೂರಬೇಡಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಣ್ಣೆ ತಿಕ್ಕುವುದರಿಂದಲೂ ಇದು ಸರಿಹೋಗದು.

ಮೊದಲ ವಾರಗಳಲ್ಲೇ ಮೂಳೆ ತಜ್ಞರಿಗೆ ತೋರಿಸಿ. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಪಾದವನ್ನು ಸ್ವಲ್ಪಸ್ವಲ್ಪವೇ ತಿದ್ದಿ, ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ. ಸಾಮಾನ್ಯವಾಗಿ 5-6 ಪ್ಲಾಸ್ಟರ್ ಬೇಕು. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಬಿಗಿಯಾದ ಸ್ನಾಯುರಜ್ಜುವನ್ನು ಕತ್ತರಿಸುವ ಚಿಕ್ಕ ಚಿಕಿತ್ಸೆಯೂ ಬೇಕಾಗುತ್ತದೆ. ಪ್ಲಾಸ್ಟರ್ ಇರುವಾಗ ಬೆರಳು ಊದಿದರೆ, ನೀಲಿಯಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಪಾದ ನೇರವಾಯಿತೆಂದು ಚಿಕಿತ್ಸೆ ನಿಲ್ಲಿಸಬೇಡಿ. ಪಟ್ಟಿಗೆ ಜೋಡಿಸಿದ ವಿಶೇಷ ಬೂಟುಗಳನ್ನು ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಅನಂತರ 4-5 ವರ್ಷ ತುಂಬುವವರೆಗೆ ಮಲಗಿದಾಗ ತೊಡಿಸಬೇಕು. ಮಗು ಅತ್ತರೆ ಹುಣ್ಣಾಗಿದೆಯೇ ನೋಡಿ, ವೈದ್ಯರನ್ನು ಕೇಳಿ. ಕನಿಕರದಿಂದ ನೀವಾಗಿಯೇ ಬಿಚ್ಚಿಟ್ಟರೆ ಪಾದ ಮತ್ತೆ ಸೊಟ್ಟಗಾಗಬಹುದು. ತಾಳ್ಮೆಯಿಂದ ಪಾಲಿಸಿದರೆ ನಿಮ್ಮ ಮಗುವೂ ಎಲ್ಲ ಮಕ್ಕಳಂತೆ ಓಡಿಯಾಡೀತು.