ಹೊರದೇಶದ ಬಂಧುಗಳಿಗೆ ಹಣ ರವಾನೆ: ಕ್ರಮ ಮತ್ತು ವೆಚ್ಚ

ಅಹಮದಾಬಾದ್ ನಗರದ ಈಶಾನ್ಯ ಅಂಚಿನಲ್ಲಿರುವ ನರೋಡಾ ಒಂದು ಕೈಗಾರಿಕಾ ಪ್ರದೇಶ. ಗುಜರಾತ್ ಕೈಗಾರಿಕಾ ಅಭಿವೃದ್ಧಿ ನಿಗಮದ ವಸಾಹತಿನಲ್ಲಿ ಬಣ್ಣ, ರಾಸಾಯನಿಕ, ಜವಳಿ ಮತ್ತು ಯಂತ್ರಭಾಗಗಳನ್ನು ತಯಾರಿಸುವ ಘಟಕಗಳಿವೆ. ಅವುಗಳ ಸುತ್ತ ಬೆಳೆದ ಬಡಾವಣೆಗಳಲ್ಲಿ ಗುಜರಾತಿನವರೊಡನೆ ಇತರ ರಾಜ್ಯಗಳಿಂದ ಉದ್ಯೋಗ ನಿಮಿತ್ತ ಬಂದವರೂ ನೆಲೆಸಿದ್ದಾರೆ. ಇಂತಹ ಬಡಾವಣೆಯ ಕುಟುಂಬವೊಂದರ ಮಗನೋ ಮಗಳೋ ವಿದ್ಯಾಭ್ಯಾಸಕ್ಕಾಗಿ ಬ್ರಿಟನ್ನಿಗೋ ಕೆನಡಾಕ್ಕೋ ಹೋಗಿರುವುದು ಈಗ ಅಪರೂಪದ ಸಂಗತಿಯಲ್ಲ. ಹೊರದೇಶಗಳಲ್ಲಿ ದುಡಿಯುವ ಭಾರತೀಯರು ವರ್ಷಕ್ಕೆ ಹತ್ತು ಸಾವಿರ ಕೋಟಿ ಡಾಲರಿಗೂ ಮಿಕ್ಕ ಹಣವನ್ನು ತಾಯ್ನಾಡಿಗೆ ಕಳುಹಿಸುತ್ತಾರೆಂಬುದು ಬಹುಜನರಿಗೆ ತಿಳಿದ ವಿಷಯ. ಆದರೆ ಈ ಮನೆಗಳಲ್ಲಿ ಹಣವು ಎದುರು ದಿಕ್ಕಿಗೆ ಹರಿಯುತ್ತದೆ. ದುಡಿದವರು ಇಲ್ಲಿದ್ದಾರೆ, ಖರ್ಚು ಮಾಡಬೇಕಾದವರು ಅಲ್ಲಿದ್ದಾರೆ.

ಒಂದು ಕಾಲದಲ್ಲಿ ಇದು ಸುಲಭವಾಗಿರಲಿಲ್ಲ. 1973ರ ವಿದೇಶೀ ವಿನಿಮಯ ನಿಯಂತ್ರಣ ಕಾಯಿದೆಯ ಅವಧಿಯಲ್ಲಿ ವಿದೇಶೀ ನಾಣ್ಯವು ದೇಶದ ವಿರಳ ಸಂಪತ್ತೆಂದು ಪರಿಗಣಿಸಲ್ಪಟ್ಟು, ಅದರ ಪ್ರತಿಯೊಂದು ಬಳಕೆಯೂ ಕಟ್ಟುನಿಟ್ಟಾದ ನಿಯಂತ್ರಣಕ್ಕೆ ಒಳಪಟ್ಟಿತ್ತು. ಅದರ ಸ್ಥಾನದಲ್ಲಿ 1999ರ ವಿದೇಶೀ ವಿನಿಮಯ ನಿರ್ವಹಣಾ ಕಾಯಿದೆಯು 2000ದ ಜೂನ್ 1ರಿಂದ ಜಾರಿಗೆ ಬಂದಿತು. ‘ನಿಯಂತ್ರಣ’ದ ಜಾಗಕ್ಕೆ ‘ನಿರ್ವಹಣೆ’ ಬಂದುದು ಬರಿಯ ಪದ ಬದಲಾವಣೆಯಲ್ಲ. 2004ರ ಫೆಬ್ರವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಉದಾರೀಕೃತ ಹಣ ರವಾನೆ ಯೋಜನೆಯನ್ನು ಪ್ರಕಟಿಸಿ, ನಿವಾಸಿ ವ್ಯಕ್ತಿಯೊಬ್ಬನು ವರ್ಷಕ್ಕೆ 25,000 ಅಮೆರಿಕನ್ ಡಾಲರುಗಳವರೆಗೆ ಕಳುಹಿಸಲು ಅವಕಾಶ ನೀಡಿತು. ಈ ಮಿತಿ ಕೆಲವೊಮ್ಮೆ ಏರಿ, ರೂಪಾಯಿಯು ಕುಸಿದ 2013ರಲ್ಲಿ 75,000ಕ್ಕೆ ಇಳಿದು, 2015ರಲ್ಲಿ 2,50,000 ಡಾಲರಿಗೆ ನಿಂತಿತು. ಇದು ತಲಾ ಮಿತಿಯಾದ್ದರಿಂದ ಪತಿ ಪತ್ನಿಯರಿಬ್ಬರೂ ತಮ್ಮ ತಮ್ಮ ಹಣದಿಂದ ಪ್ರತ್ಯೇಕವಾಗಿ ಕಳುಹಿಸಬಹುದು.

ನಿಕಟ ಬಂಧುಗಳ ಪೋಷಣೆ ಈ ಯೋಜನೆಯಡಿ ಅನುಮತಿಸಲಾದ ಉದ್ದೇಶಗಳಲ್ಲೊಂದು. ಬಂಧು ಯಾರೆಂಬುದಕ್ಕೆ 2013ರ ಕಂಪನಿ ಕಾಯಿದೆಯ ವ್ಯಾಖ್ಯೆಯೇ ಆಧಾರ. ಪತಿ ಅಥವಾ ಪತ್ನಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಸಹೋದರ, ಸಹೋದರಿ ಇವರು ಇದರಲ್ಲಿ ಸೇರುತ್ತಾರೆ. ನಮ್ಮಲ್ಲಿ ಸೋದರಮಾವನ ಸಂಬಂಧ ಎಷ್ಟೇ ಹತ್ತಿರದ್ದಾದರೂ ಕಾಯಿದೆಯ ಪಟ್ಟಿಯಲ್ಲಿ ಅವನಿಗೆ ಸ್ಥಾನವಿಲ್ಲ! ಅಂತಹವರಿಗೆ ಉಡುಗೊರೆ ಎಂಬ ಶೀರ್ಷಿಕೆಯಡಿ ಹಣ ಕಳುಹಿಸಬೇಕು. ರವಾನೆಗೆ ಪ್ಯಾನ್ ಸಂಖ್ಯೆ ಕಡ್ಡಾಯ. ಬ್ಯಾಂಕು ನೀಡುವ ‘ಎ-2’ ನಮೂನೆಯಲ್ಲಿ ಉದ್ದೇಶದ ಸಂಕೇತವನ್ನು ಗುರುತಿಸಬೇಕು. ಕುಟುಂಬ ಪೋಷಣೆಗೆ ‘ಎಸ್ 1301’, ಉಡುಗೊರೆಗೆ ‘ಎಸ್ 1302’, ಹೊರದೇಶದ ವಿದ್ಯಾಭ್ಯಾಸದ ಶುಲ್ಕ ಮತ್ತು ವಸತಿ ವೆಚ್ಚಕ್ಕೆ ‘ಎಸ್ 0305’. ತೆರಿಗೆಯ ದರ ಈ ಸಂಕೇತವನ್ನು ಅವಲಂಬಿಸಿರುವುದರಿಂದ ಇದನ್ನು ಗುಮಾಸ್ತರ ಊಹೆಗೆ ಬಿಡುವುದು ಸರಿಯಲ್ಲ.

ಕಾಣುವ ವೆಚ್ಚ, ಕಾಣದ ವೆಚ್ಚ

ಹಣ ಕಳುಹಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಶುಲ್ಕ ಎಷ್ಟು?’ ಎಂಬುದು. ವಾಸ್ತವವಾಗಿ ಕೇಳಬೇಕಾದುದು ‘ಅಲ್ಲಿ ಇಷ್ಟು ಪೌಂಡು ಕೈಸೇರಲು ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಕಳೆಯುತ್ತೀರಿ?’ ಎಂದು. ಬ್ಯಾಂಕುಗಳು ಹಾಗೂ ಇತರ ಅಧಿಕೃತ ಸಂಸ್ಥೆಗಳು ಮಾರುಕಟ್ಟೆಯ ದರದಲ್ಲಿಯೇ ವಿದೇಶೀ ನಾಣ್ಯವನ್ನು ಮಾರುವುದಿಲ್ಲ. ಮಾರುಕಟ್ಟೆ ದರಕ್ಕೂ ಗ್ರಾಹಕನಿಗೆ ಹೇಳುವ ದರಕ್ಕೂ ನಡುವೆ ಇರುವ ಅಂತರವೇ ಅವುಗಳ ಮುಖ್ಯ ಆದಾಯ. ಈ ಅಂತರವು ರಸೀತಿಯಲ್ಲಿ ಶುಲ್ಕವೆಂದು ನಮೂದಾಗುವುದಿಲ್ಲ.

ಉದಾಹರಣೆಗೆ, ನರೋಡಾದ ಕುಟುಂಬವೊಂದು ಬ್ರಿಟನ್ನಿನಲ್ಲಿರುವ ಮಗಳಿಗೆ 4,000 ಪೌಂಡ್ ಕಳುಹಿಸಬೇಕಾಗಿದೆ ಎಂದಿಟ್ಟುಕೊಳ್ಳೋಣ. ಲೆಕ್ಕದ ಸೌಲಭ್ಯಕ್ಕಾಗಿ ಮಾರುಕಟ್ಟೆಯಲ್ಲಿ ಪೌಂಡಿನ ಬೆಲೆ 120 ರೂಪಾಯಿ ಎಂದು ಭಾವಿಸಬಹುದು. ಮೊದಲನೆಯ ಬ್ಯಾಂಕು ಪೌಂಡಿಗೆ 121 ರೂಪಾಯಿ ದರ ಹೇಳಿ 1,500 ರೂಪಾಯಿ ಶುಲ್ಕ ಕೇಳುತ್ತದೆ. ಎರಡನೆಯದು ‘ಶುಲ್ಕವಿಲ್ಲ’ ಎಂದು ಸಾರಿ 123 ರೂಪಾಯಿ 50 ಪೈಸೆ ದರ ಹೇಳುತ್ತದೆ. ಸರಕು ಮತ್ತು ಸೇವಾ ತೆರಿಗೆಯನ್ನೂ ಸೇರಿಸಿದರೆ ಮೊದಲನೆಯ ಬ್ಯಾಂಕಿನಲ್ಲಿ ತಗಲುವ ಒಟ್ಟು ಮೊತ್ತ 4,86,296 ರೂಪಾಯಿ. ಎರಡನೆಯದರಲ್ಲಿ 4,94,535 ರೂಪಾಯಿ. ಶುಲ್ಕವಿಲ್ಲದ ರವಾನೆಯೇ ಎಂಟು ಸಾವಿರಕ್ಕೂ ಹೆಚ್ಚು ದುಬಾರಿಯಾಯಿತು. ಡಾಲರ್, ಪೌಂಡ್, ಯೂರೋ ಮತ್ತು ಯೆನ್‌ಗಳ ದೈನಂದಿನ ಆಧಾರ ದರವನ್ನು ರಿಸರ್ವ್ ಬ್ಯಾಂಕಿನ ಅಂತರಜಾಲ ತಾಣದಲ್ಲಿ ನೋಡಬಹುದಾದ್ದರಿಂದ ಈ ಹೋಲಿಕೆ ಯಾರಿಗೂ ಸಾಧ್ಯ. ವಾರಾಂತ್ಯದಲ್ಲಿ ಮಾರುಕಟ್ಟೆ ಮುಚ್ಚಿರುವ ಕಾರಣ ಆ ದಿನಗಳ ದರಕ್ಕೆ ಹೆಚ್ಚಿನ ಅಂತರ ಸೇರಿಸುವುದೂ ಉಂಟು.

ಇನ್ನೊಂದು ವೆಚ್ಚ ದಾರಿಯಲ್ಲಿ ಉಂಟಾಗುತ್ತದೆ. ಬಹುಪಾಲು ರವಾನೆಗಳು 1973ರಲ್ಲಿ ಬೆಲ್ಜಿಯಂನಲ್ಲಿ ಸ್ಥಾಪನೆಯಾದ ‘ಸ್ವಿಫ್ಟ್’ ಜಾಲದ ಸಂದೇಶಗಳ ಮೂಲಕ ಸಾಗುತ್ತವೆ. ಕಳುಹಿಸುವ ಮತ್ತು ಪಡೆಯುವ ಬ್ಯಾಂಕುಗಳ ನಡುವೆ ನೇರ ಸಂಬಂಧವಿಲ್ಲದಿದ್ದರೆ ಮಧ್ಯವರ್ತಿ ಬ್ಯಾಂಕು ತನ್ನ ಪಾಲನ್ನು ಕಳೆದುಕೊಂಡೇ ಹಣವನ್ನು ಮುಂದೆ ಕಳುಹಿಸುತ್ತದೆ. ವಿಶ್ವವಿದ್ಯಾಲಯದ ಶುಲ್ಕದಲ್ಲಿ ಹದಿನೈದು ಪೌಂಡ್ ಕಡಿಮೆಯಾದರೂ ಅಲ್ಲಿನ ಲೆಕ್ಕದಲ್ಲಿ ಅದು ಬಾಕಿಯೇ. ಆದ್ದರಿಂದ ಶುಲ್ಕ ಪಾವತಿಗೆ ಎಲ್ಲ ವೆಚ್ಚವನ್ನೂ ಕಳುಹಿಸುವವರೇ ಭರಿಸುವ ‘ಅವರ್’ ಎಂಬ ಆಯ್ಕೆಯನ್ನೂ, ಜೀವನ ವೆಚ್ಚದ ಹಣಕ್ಕೆ ಇಬ್ಬರೂ ಹಂಚಿಕೊಳ್ಳುವ ‘ಷಾ’ ಎಂಬುದನ್ನೂ ಆರಿಸಿಕೊಳ್ಳುವುದು ಸೂಕ್ತ.

ತೆರಿಗೆಯ ಬಗೆಗೆ ಇರುವ ಭಯ ಅದರ ವಾಸ್ತವಕ್ಕಿಂತ ದೊಡ್ಡದು. ನಾಣ್ಯ ವಿನಿಮಯದ ಮೇಲಿನ ಸರಕು ಮತ್ತು ಸೇವಾ ತೆರಿಗೆ ಒಂದು ಲಕ್ಷ ರೂಪಾಯಿಗೆ 180, ಐದು ಲಕ್ಷಕ್ಕೆ 540, ಹತ್ತು ಲಕ್ಷಕ್ಕೆ 990 ರೂಪಾಯಿ ಮಾತ್ರ. ಟಿ.ಸಿ.ಎಸ್. ಎಂದು ಕರೆಯುವ, ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆ ಬೇರೆ ಬಗೆಯದು. 2025ರ ಏಪ್ರಿಲ್ 1ರಿಂದ ಒಂದು ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ರೂಪಾಯಿಗಳವರೆಗಿನ ರವಾನೆಗೆ ಇದು ಅನ್ವಯಿಸುವುದಿಲ್ಲ. ಬಂಧುಗಳ ಪೋಷಣೆಗೆ ಕಳುಹಿಸುವ ಹಣ ಅದನ್ನು ಮೀರಿದರೆ ಮೀರಿದ ಭಾಗದ ಮೇಲೆ ಶೇ. 20 ಸಂಗ್ರಹಿಸಲಾಗುತ್ತದೆ. ಎಂದರೆ 12 ಲಕ್ಷ ಕಳುಹಿಸಿದವರು 40,000 ರೂಪಾಯಿ ಹೆಚ್ಚಿಗೆ ಕಟ್ಟಬೇಕು. ವಿದ್ಯಾಭ್ಯಾಸ ಮತ್ತು ಚಿಕಿತ್ಸೆಗೆ ಈ ದರ ಬಹಳ ಕಡಿಮೆ, ಅದನ್ನು ಶೇ. 5ರಿಂದ 2ಕ್ಕೆ ಇಳಿಸುವ ಪ್ರಸ್ತಾವವನ್ನು 2026ರ ಆಯವ್ಯಯದಲ್ಲಿ ಮಂಡಿಸಲಾಯಿತು. ಮಾನ್ಯ ಹಣಕಾಸು ಸಂಸ್ಥೆಯ ವಿದ್ಯಾಸಾಲದಿಂದ ಕಟ್ಟುವ ಶುಲ್ಕಕ್ಕೆ ಇದು ಇಲ್ಲವೇ ಇಲ್ಲ. ಹೀಗೆ ಸಂಗ್ರಹವಾದ ಹಣ ನಷ್ಟವಲ್ಲ. ಅದು ಕಳುಹಿಸಿದವರ ಆದಾಯ ತೆರಿಗೆಗೆ ಜಮೆಯಾಗಿ, ಹೆಚ್ಚಾಗಿದ್ದರೆ ವಿವರಣೆ ಸಲ್ಲಿಸಿದ ಬಳಿಕ ಮರಳಿ ಬರುತ್ತದೆ. ಅಲ್ಲಿಯವರೆಗೆ ಕೈಯಲ್ಲಿ ಇರದು ಎಂಬುದಷ್ಟೇ ತೊಡಕು.

ಹತ್ತಿರದ ದೇಶಗಳ ಮಟ್ಟಿಗೆ ಇನ್ನೂ ಸರಳ ಮಾರ್ಗಗಳಿವೆ. 2023ರ ಫೆಬ್ರವರಿ 21ರಂದು ನಮ್ಮ ಯು.ಪಿ.ಐ. ವ್ಯವಸ್ಥೆಯನ್ನು ಸಿಂಗಾಪುರದ ‘ಪೇನೌ’ ಜೊತೆ ಜೋಡಿಸಲಾಯಿತು. ಬಂಧುವಿನ ದೂರವಾಣಿ ಸಂಖ್ಯೆಯ ಆಧಾರದ ಮೇಲೆ ಕ್ಷಣಗಳಲ್ಲಿ ಹಣ ತಲುಪುವ ಈ ಸೌಲಭ್ಯವು ದಿನಕ್ಕೆ 60,000 ರೂಪಾಯಿಗಳ ಮಿತಿಯೊಡನೆ ಆರಂಭವಾಯಿತು; ಎಲ್ಲ ಬ್ಯಾಂಕುಗಳಲ್ಲಿಯೂ ಇದು ಲಭ್ಯವಿಲ್ಲ. ನೇಪಾಳಕ್ಕೆ 2008ರಿಂದಲೇ ಪ್ರತ್ಯೇಕ ರವಾನೆ ಸೌಲಭ್ಯವಿದ್ದು, ಖಾತೆಯಿಂದ ಕಳುಹಿಸುವ ಹಣದ ಮಿತಿಯನ್ನು 2021ರಲ್ಲಿ ಎರಡು ಲಕ್ಷ ರೂಪಾಯಿಗೆ ಏರಿಸಲಾಯಿತು. ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂಬ ದರ 1993ರಿಂದ ಸ್ಥಿರವಾಗಿರುವುದರಿಂದ ಮೇಲೆ ಹೇಳಿದ ‘ಕಾಣದ ವೆಚ್ಚ’ದ ತೊಂದರೆ ಅಲ್ಲಿ ಬಹುಮಟ್ಟಿಗೆ ಇಲ್ಲ.

ಗುಜರಾತಿನಲ್ಲಿ ಆಂಗಡಿಯಾ ಎಂಬ ಹಳೆಯ ವ್ಯವಸ್ಥೆಯೊಂದಿದೆ. ಅಹಮದಾಬಾದ್, ಸೂರತ್, ಮುಂಬಯಿಗಳ ವರ್ತಕರ ವಜ್ರ, ಆಭರಣ ಮತ್ತು ನಗದನ್ನು ನಂಬಿಕೆಯ ಮೇಲೆ ಊರಿಂದೂರಿಗೆ ಒಯ್ಯುವವರು ಇವರು. ಇದೇ ನಂಬಿಕೆಯನ್ನು ಹೊರದೇಶಕ್ಕೂ ವಿಸ್ತರಿಸಿ, ‘ಇಲ್ಲಿ ನಗದು ಕೊಡಿ, ಸಂಜೆಗೆ ಅಲ್ಲಿ ಸಿಗುತ್ತದೆ’ ಎನ್ನುವ ಹವಾಲಾ ದಲ್ಲಾಳಿಗಳ ಮಾತಿಗೆ ಒಳಗಾಗುವವರಿದ್ದಾರೆ. ದರ ಆಕರ್ಷಕವಾಗಿ ಕಾಣಬಹುದು. ಆದರೆ ಅಧಿಕೃತ ವ್ಯಕ್ತಿಯಲ್ಲದವರೊಡನೆ ವಿದೇಶೀ ವಿನಿಮಯದ ವ್ಯವಹಾರವನ್ನು 1999ರ ಕಾಯಿದೆಯ 3ನೆಯ ಪ್ರಕರಣ ನಿಷೇಧಿಸುತ್ತದೆ. 13ನೆಯ ಪ್ರಕರಣದಂತೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ವಿಧಿಸಬಹುದು. ಅಲ್ಲಿ ವಿದ್ಯಾರ್ಥಿಯ ಖಾತೆಗೆ ಹಣ ಹಾಕುವವನು ಯಾರೋ ಅಪರಿಚಿತ. ಆ ಹಣ ಅಪರಾಧದ ಮೂಲದ್ದಾದರೆ ಬ್ಯಾಂಕು ಆ ಖಾತೆಯನ್ನೇ ತಡೆಹಿಡಿಯಬಹುದು. ಹಣ ಮುಳುಗಿದರೆ ದೂರು ನೀಡಲು ರಸೀತಿಯೂ ಇರುವುದಿಲ್ಲ.

ಬ್ಯಾಂಕಿನ ಮೂಲಕ ಕಳುಹಿಸಿದ ಹಣಕ್ಕೆ ಜಾಡು ಇದೆ. ನಿರೀಕ್ಷಿತ ದಿನದಲ್ಲಿ ಅದು ತಲುಪದಿದ್ದರೆ ‘ಸ್ವಿಫ್ಟ್’ ಸಂದೇಶದ ಪ್ರತಿ ಹಾಗೂ ಅದರ ಉಲ್ಲೇಖ ಸಂಖ್ಯೆಯನ್ನು ಶಾಖೆಯಿಂದ ಪಡೆದು ಅಲ್ಲಿನ ಬಂಧುವಿಗೆ ಕಳುಹಿಸಬೇಕು; ಹಣ ಎಲ್ಲಿ ನಿಂತಿದೆಯೆಂಬುದನ್ನು ಆತನ ಬ್ಯಾಂಕು ಇದರಿಂದ ಪತ್ತೆ ಮಾಡಬಲ್ಲದು. ಶಾಖೆಯು ಸ್ಪಂದಿಸದಿದ್ದಲ್ಲಿ ಬ್ಯಾಂಕಿಗೆ ಲಿಖಿತ ದೂರು ಸಲ್ಲಿಸಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ತೃಪ್ತಿಕರವಾಗಿರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಯಾವುದೇ ಶುಲ್ಕವಿಲ್ಲದೆ ದೂರು ಕೊಡಬಹುದು. ಎ-2 ನಮೂನೆಯ ಪ್ರತಿ ಮತ್ತು ಖಾತೆಯಿಂದ ಹಣ ಕಳೆದ ದಿನದ ವಿವರವನ್ನು ದೂರಿನೊಡನೆ ಲಗತ್ತಿಸಬೇಕು.